ಸಿಲಿಕಾನ್ ರಿಂಗ್ ಪೆಸರಿ: ಮೂರೂವರೆ ವರ್ಷ ಹಾಕಿಕೊಂಡವಳ ಅನುಭವ

ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಮುಂದೆ ಬರುತ್ತದೆ. ಗರ್ಭಕೋಶವೋ ಯೋನಿಯ ಗೋಡೆಯೋ ಕೆಳಗೆ ಜಾರಿದವರು, ಅದನ್ನು ಎತ್ತಿ ಹಿಡಿಯಲು ಯೋನಿಯೊಳಗೆ ಹಾಕಿಕೊಳ್ಳುವ ಚಕ್ರ ಇದು. 2021ರಲ್ಲಿ ಇದರ ಬಗ್ಗೆ ಕನ್ನಡದಲ್ಲಿ ಯಾರಾದರೂ ಬರೆದಿದ್ದಾರಾ ಅಂತ ರಾತ್ರಿ ಮೊಬೈಲ್ ಹಿಡಿದು ಹುಡುಕಿದ್ದೇ ಹುಡುಕಿದ್ದು. ನನ್ನ ಕಣ್ಣಿಗೆ ಬಿದ್ದದ್ದೆಲ್ಲ ಆಪರೇಷನ್ ಮಾಡಿಸಿಕೊಳ್ಳಿ ಅನ್ನುವ ಮಾತು. ನನಗೆ ಆಪರೇಷನ್ ಆಗಿ ವರ್ಷವಾಗಿತ್ತು, ಅದು ಕೈಕೊಟ್ಟೂ ಆಗಿತ್ತು.

ಸಾಗರದ ಕಡೆಯ ಹಳ್ಳಿ ನಮ್ಮದು. ಮೂರು ಹೆರಿಗೆ, ಮೂವತ್ತು ವರ್ಷ ಕೊಟ್ಟಿಗೆ ಕೆಲಸ, ಸೊಪ್ಪಿನ ಹೊರೆ, ಸುಗ್ಗಿಯಲ್ಲಿ ರಾತ್ರಿ ಹನ್ನೆರಡರ ತನಕ ಅಡಿಕೆ ಸುಲಿಯುವುದು, ಬೆಂದ ಅಡಿಕೆಯ ಬುಟ್ಟಿ ಎತ್ತಿ ಅಟ್ಟಕ್ಕೆ ಸಾಗಿಸುವುದು. ಗರ್ಭಕೋಶ ಜಾರುವುದಕ್ಕೆ ಇನ್ನೇನು ಬೇಕು? ನಮ್ಮೂರಲ್ಲಿ ಇದು ನನಗೊಬ್ಬಳಿಗೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಬಾಯಿಬಿಟ್ಟು ಹೇಳಿದವರು ಯಾರೂ ಇರಲಿಲ್ಲ, ಅಷ್ಟೇ.

2020ರ ಫೆಬ್ರವರಿಯಲ್ಲಿ ಕೆಳಗಿನಿಂದಲೇ ಗರ್ಭಕೋಶ ತೆಗೆದು, ಯೋನಿಯ ಮುಂದಿನ ಗೋಡೆಗೆ ಹೊಲಿಗೆ ಹಾಕಿದರು. ‘ಇನ್ನು ಚಿಂತೆಯಿಲ್ಲ’ ಅಂದರು. ಸರಿಯಾಗಿ ಹದಿನಾಲ್ಕು ತಿಂಗಳಿಗೆ ಸ್ನಾನ ಮಾಡುವಾಗ ಕೈಗೆ ಮತ್ತೆ ಉಬ್ಬು ತಗುಲಿತು. ಕೋಳಿಮೊಟ್ಟೆ ಗಾತ್ರ, ಮೆತ್ತಗೆ. ಗರ್ಭಕೋಶವೇ ಇಲ್ಲವಲ್ಲ, ಇದೇನು ಹೊರಗೆ ಬರುತ್ತಿರುವುದು ಅಂತ ಬಚ್ಚಲಲ್ಲೇ ಕುಸಿದು ಕೂತೆ. ಗರ್ಭಕೋಶ ತೆಗೆದ ಮೇಲೆ ಯೋನಿಯ ಮೇಲ್ತುದಿಯೇ ಕೆಳಗೆ ಇಳಿಯಬಹುದು, ಅದರ ಜತೆ ಮೂತ್ರಕೋಶವೂ ಬಗ್ಗಿಕೊಂಡು ಬರಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಆಪರೇಷನ್ ಮಾಡಿದವರ ಹತ್ತಿರ ಹೋದರೆ ಸಿಕ್ಕ ಉತ್ತರ, ‘ನೀವು ಭಾರ ಎತ್ತಿರಬೇಕು.’ ಅತ್ತಿಗೆಯದು ಇನ್ನೊಂದು, ‘ಬಾಣಂತನದಲ್ಲಿ ಸೊಂಟ ಕಟ್ಟಿಸಿಕೊಳ್ಳಲಿಲ್ಲ ನೀನು.’ ಆರು ತಿಂಗಳು ತಪ್ಪೆಲ್ಲ ನನ್ನದೇ ಅಂದುಕೊಂಡೇ ಕಳೆದೆ.

ಆಮೇಲೆ ಸಿಕ್ಕ ಡಾಕ್ಟರ್, ನನ್ನ ಮಗಳ ವಯಸ್ಸಿನವರು, ಇಪ್ಪತ್ತು ನಿಮಿಷ ಕೂತು ಚಿತ್ರ ಬರೆದು ತೋರಿಸಿದರು. ಅಮೆರಿಕದಲ್ಲಿ 1997ರಲ್ಲಿ ಬಂದ ಒಂದು ಅಧ್ಯಯನದಲ್ಲಿ, ಗರ್ಭಕೋಶ ಜಾರಿದ್ದಕ್ಕೋ ಮೂತ್ರ ಸೋರುವುದಕ್ಕೋ ಆದ ಆಪರೇಷನ್‌ಗಳಲ್ಲಿ ನೂರಕ್ಕೆ 29 ಮರು ಆಪರೇಷನ್‌ಗಳಾಗಿದ್ದವಂತೆ. ‘ಅಮ್ಮಾ, ಹೊಲಿಗೆ ಹಾಕುವುದು ಹಳೇ ಬಟ್ಟೆಗೇ. ದಾರ ಗಟ್ಟಿ ಇದ್ದರೆ ಸಾಲದು’ ಅಂದರು. ಆ ಒಂದು ಮಾತಿಗೆ ಅವರ ಫೀಸು ಎರಡು ಪಟ್ಟು ಕೊಟ್ಟರೂ ತಪ್ಪಿಲ್ಲ.

ಮುಂದೆ ಎರಡು ದಾರಿ ಹೇಳಿದರು. ಹೊಟ್ಟೆ ಕಡೆಯಿಂದ ಜಾಲರಿ ಹಾಕಿ ಬೆನ್ನಿನ ಕೆಳಗಿನ ಮೂಳೆಗೆ ಎತ್ತಿ ಕಟ್ಟುವ ದೊಡ್ಡ ಆಪರೇಷನ್, ಇಲ್ಲವಾದರೆ ರಿಂಗ್. ಯೋನಿಯ ಮೂಲಕ ಜಾಲರಿ ಹಾಕುವುದು ಬೇರೆ, ಅದು ಅನೇಕ ಹೆಂಗಸರಿಗೆ ನೋವು ತಂದು, 2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಗೆ ಅದರ ಮಾರಾಟವನ್ನೇ ನಿಲ್ಲಿಸಿತು ಅಂತಲೂ ಬಿಡಿಸಿ ಹೇಳಿದರು. ನನಗೆ ಶುಗರ್ ಇದೆ, ಆಗ ಹತೋಟಿಯಲ್ಲೂ ಇರಲಿಲ್ಲ. ಇನ್ನೊಂದು ಸಲ ಆ ಟೇಬಲ್ ಹತ್ತುವ ಧೈರ್ಯ ಅದಕ್ಕಿಂತ ಕಡಿಮೆ ಇತ್ತು. 2022ರ ಜನವರಿಯಲ್ಲಿ ರಿಂಗ್ ಹಾಕಿಸಿಕೊಂಡೆ.

ನೋಡಲು ಏನೂ ಇಲ್ಲ. ಬಳೆಯಷ್ಟು ಅಗಲದ, ಬೆರಳಿನಷ್ಟು ದಪ್ಪದ ಸಿಲಿಕಾನ್ ಚಕ್ರ, ನಡುವೆ ತೂತುಗಳಿರುವ ತೆಳ್ಳನೆಯ ಪರದೆ. ಒಳಗಿದ್ದು ಯೋನಿಯ ಗೋಡೆಯನ್ನು ಮೇಲಕ್ಕೆ ಆತುಕೊಂಡು ನಿಲ್ಲುತ್ತದೆ. ಸೈಜೇ ಎಲ್ಲ. ಮೊದಲು ಹಾಕಿದ ಮೂರನೇ ನಂಬರಿನದು ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಜಾರಿತು. ಐದನೆಯದು ಕೂತರೆ ಒತ್ತುತ್ತಿತ್ತು, ಮೂತ್ರ ಕಟ್ಟಿತು. ನಾಲ್ಕನೆಯದು, ಅಂದರೆ 70 ಮಿಲಿಮೀಟರಿನದು, ಹಾಕಿದ ಮೇಲೆ ಇದೆಯೋ ಇಲ್ಲವೋ ಗೊತ್ತೇ ಆಗಲಿಲ್ಲ. ಡಾಕ್ಟರ್ ವರಾಂಡದಲ್ಲಿ ಓಡಾಡಿಸಿದರು, ಕುಕ್ಕರುಗಾಲಲ್ಲಿ ಕೂರಿಸಿದರು, ಕೆಮ್ಮಿಸಿದರು, ಮೂತ್ರ ಮಾಡಿ ಬನ್ನಿ ಅಂತ ಕಳಿಸಿದರು. ಇಷ್ಟೂ ಮಾಡಿಸದೆ ಯಾರಾದರೂ ಮನೆಗೆ ಕಳಿಸಿದರೆ ಎದ್ದು ಬರಬೇಡಿ. ಆನ್‌ಲೈನಿನಲ್ಲಿ ಅಂದಾಜಿನ ಮೇಲೆ ತರಿಸುವುದಂತೂ ಬೇಡವೇ ಬೇಡ. ನನ್ನದಕ್ಕೆ ಎರಡು ಸಾವಿರದ ಚಿಲ್ಲರೆ ಆಯಿತು.

ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ತೆಗೆಸಿ, ತೊಳೆಸಿ, ಹಾಕಿಸಿಕೊಂಡು ಬರುತ್ತಿದ್ದೆ. ಪೂರ್ತಿ ದಿನ ಹಾಳು. ಕೊನೆಗೆ ಡಾಕ್ಟರೇ ‘ನೀವೇ ಕಲಿಯಿರಿ ಅಮ್ಮಾ’ ಅಂದರು. ಬ್ರಿಟನ್ನಿನಲ್ಲಿ ತಾವೇ ತೆಗೆದು ಹಾಕಿಕೊಳ್ಳುವವರನ್ನೂ ಆಸ್ಪತ್ರೆಗೇ ಬರುವವರನ್ನೂ ಹೋಲಿಸಿ ನೋಡಿದ ಅಧ್ಯಯನ 2023ರಲ್ಲಿ ಬಂತು, ತಾವೇ ಮಾಡಿಕೊಂಡವರಿಗೆ ತೊಂದರೆ ಕಡಿಮೆಯೇ ಇತ್ತು ಅಂತ ಆಮೇಲೆ ಅವರೇ ಹೇಳಿದರು. ಆದರೆ ಐವತ್ತೇಳನೇ ವಯಸ್ಸಿನ ತನಕ ನನ್ನ ಮೈಯ ಆ ಜಾಗವನ್ನು ನಾನೇ ಸರಿಯಾಗಿ ಮುಟ್ಟಿ ನೋಡಿದವಳಲ್ಲ. ನಾಚಿಕೆ ಬಿಡುವುದಕ್ಕೆ ಹದಿನೈದು ದಿನ ಹಿಡಿಯಿತು, ಕೈಗೆ ರೂಢಿಯಾಗುವುದಕ್ಕೆ ಇನ್ನೊಂದು ತಿಂಗಳು.

ಒಂದು ಕಾಲು ಬಚ್ಚಲ ಸ್ಟೂಲಿನ ಮೇಲೆ. ರಿಂಗನ್ನು ಕರ್ಜಿಕಾಯಿ ಹಾಗೆ ಅರ್ಧಕ್ಕೆ ಮಡಚಬೇಕು. ಎಲ್ಲೆಂದರಲ್ಲಿ ಮಡಚುವುದಿಲ್ಲ ಅದು, ಎದುರುಬದುರು ಎರಡು ಕಡೆ ಮಾತ್ರ ಬಾಗುತ್ತದೆ. ಇದು ತಿಳಿಯದೆ ನಾನು ಅದರ ಜತೆ ಎಷ್ಟೋ ಬೆಳಿಗ್ಗೆ ಕುಸ್ತಿ ಮಾಡಿದ್ದೇನೆ. ಒಮ್ಮೆ ಕೈಯಿಂದ ಚಿಮ್ಮಿ ಹಂಡೆಯ ನೀರಿಗೇ ಬಿತ್ತು. ತುದಿಗೆ ಒಂದಿಷ್ಟು ಜೆಲ್ ಸವರಿ ಹಿಂದಕ್ಕೆ, ಬೆನ್ನಿನ ಕಡೆಗೆ, ತಳ್ಳಿದರೆ ಒಳಗೆ ಹೋಗಿ ತಾನೇ ಬಿಚ್ಚಿಕೊಳ್ಳುತ್ತದೆ. ತೆಗೆಯುವುದೇ ಕಷ್ಟ, ಬೆರಳಿಗೆ ಅಂಚು ಸಿಗುವುದಿಲ್ಲ. ಮಗಳು ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರ ಕಳಿಸಿದಳು. ಡಾಕ್ಟರಿಗೆ ಕೇಳಿ ಅದನ್ನೇ ರಿಂಗಿಗೆ ಕಟ್ಟಿಕೊಂಡೆ. ವಾರಕ್ಕೊಮ್ಮೆ ಶನಿವಾರ ರಾತ್ರಿ ತೆಗೆದು, ಸಾದಾ ಸೋಪಿನಲ್ಲಿ ತೊಳೆದು, ಒರೆಸಿ, ಡಬ್ಬಿಗೆ. ಭಾನುವಾರ ಬೆಳಿಗ್ಗೆ ಮತ್ತೆ ಒಳಗೆ. ಒಂದು ಸಲ ಡಬ್ಬಿ ಮುಚ್ಚಲು ಮರೆತಿದ್ದೆ, ಮೊಮ್ಮಗ ಅದನ್ನು ಜಗಲಿಯಲ್ಲಿ ಚಕ್ರ ಮಾಡಿ ಉರುಳಿಸುತ್ತಿದ್ದ. ಸೊಸೆ ನಕ್ಕಳು, ನಾನೂ ನಕ್ಕೆ. ಎರಡು ವರ್ಷದ ಹಿಂದೆ ಆಗಿದ್ದರೆ ಬಾವಿ ಹಾರುತ್ತಿದ್ದೆನೇನೋ!

ಇದರಿಂದ ಏನು ಬದಲಾಯಿತು? ಮೊದಲು ಸಂಜೆ ನಾಲ್ಕಾಯಿತೆಂದರೆ ಕೆಳಗೆ ಕಲ್ಲು ಕಟ್ಟಿದ ಹಾಗೆ ಜಗ್ಗುತ್ತಿತ್ತು. ಮೂತ್ರ ಪೂರ್ತಿ ಹೋಗಬೇಕಾದರೆ ಉಬ್ಬನ್ನು ಬೆರಳಲ್ಲಿ ಒಳಗೆ ಒತ್ತಬೇಕಿತ್ತು. ಮದುವೆಮನೆಗೆ ಹೋದರೆ ಕಕ್ಕಸು ಎಲ್ಲಿದೆ ಅಂತ ಮೊದಲು ನೋಡಿ ಆಮೇಲೆ ಮಂಟಪ ನೋಡುವ ಪರಿಸ್ಥಿತಿ. ಈಗ ಅದೆಲ್ಲ ಇಲ್ಲ. ಸಿಗಂದೂರಿಗೆ ಹೋಗಿ ಸಾಲಿನಲ್ಲಿ ನಿಂತು ದರ್ಶನ ಮಾಡಿ ಬಂದೆ. ಗಂಡ ಹೆಂಡತಿ ಸೇರುವುದಕ್ಕೂ ಇದು ಅಡ್ಡಿಯಲ್ಲ, ಬೇಕಾದರೆ ತೆಗೆದಿಡಬಹುದು. ಕೇಳಲು ಸಂಕೋಚಪಡುವವರಿಗಾಗಿ ಬರೆದಿದ್ದೇನೆ.

ಇನ್ನು ಆ ಕಡಿಮೆಯಾದ ಒಂದು ಸ್ಟಾರ್.

ರಿಂಗ್ ಹಾಕಿದ ಮೊದಲ ತಿಂಗಳೇ ಕೆಮ್ಮಿದರೆ, ಸೀನಿದರೆ ಮೂತ್ರ ಸೋರಲು ಶುರುವಾಯಿತು, ಮುಂಚೆ ಇಲ್ಲದ್ದು. ಮೂತ್ರಕೋಶ ಜಾರಿದ್ದಾಗ ನಾಳ ಪೈಪು ಮಡಚಿದ ಹಾಗೆ ಮಡಚಿಕೊಂಡು ಸೋರಿಕೆಯನ್ನು ತಡೆದಿತ್ತಂತೆ, ರಿಂಗ್ ಎತ್ತಿ ಹಿಡಿದಾಗ ಪೈಪು ನೆಟ್ಟಗಾಯಿತು. ಫಿಸಿಯೋಥೆರಪಿಯವರು ಕಲಿಸಿದ ಕೆಳಗಿನ ಸ್ನಾಯು ಬಿಗಿಹಿಡಿಯುವ ವ್ಯಾಯಾಮ ನಾಲ್ಕು ತಿಂಗಳು ಮಾಡಿದ ಮೇಲೆ ಅರ್ಧ ಹತೋಟಿಗೆ ಬಂದಿದೆ. ಪೂರ್ತಿ ಅಲ್ಲ. ದೂರದ ಪ್ರಯಾಣಕ್ಕೆ ಪ್ಯಾಡ್ ಇಲ್ಲದೆ ಹೊರಡುವುದಿಲ್ಲ. ಬಿಳಿ ಹೋಗುವುದು ಇದ್ದೇ ಇದೆ, ವಾಸನೆ ಬಂದರೆ ತೋರಿಸಲೇಬೇಕು. ಮಲಬದ್ಧತೆ ಆಗಿ ತಿಣುಕಿದರೆ ರಿಂಗ್ ಹೊರಗೆ ಬರುತ್ತದೆ, ಒಂದು ಸಲ ಕಕ್ಕಸಿನ ಗುಂಡಿಗೆ ಬೀಳುವುದನ್ನು ಕೈಯಲ್ಲೇ ಹಿಡಿದಿದ್ದೇನೆ. ಈಗ ದಿನಾ ಒಣದ್ರಾಕ್ಷಿ ನೆನೆಸಿದ ನೀರು, ಮತ್ತೆ ಕಕ್ಕಸಿಗೆ ಕಮೋಡ್.

ದೊಡ್ಡ ತಪ್ಪು ನನ್ನದೇ. 2023ರ ಸುಗ್ಗಿಯಲ್ಲಿ ಎಲ್ಲ ಸರಿ ಇದೆಯಲ್ಲ ಅಂತ ಎಂಟು ತಿಂಗಳು ತಪಾಸಣೆಗೆ ಹೋಗಲಿಲ್ಲ, ವಾರಕ್ಕೊಮ್ಮೆ ತೆಗೆಯುವುದನ್ನೂ ಬಿಟ್ಟೆ. ವಾರಕ್ಕೆರಡು ಸಲ ಹಚ್ಚಬೇಕಿದ್ದ ಈಸ್ಟ್ರೋಜನ್ ಕ್ರೀಮೂ ಮುಗಿದಿತ್ತು, ತರಿಸಲಿಲ್ಲ. ಮುಟ್ಟು ನಿಂತವರಿಗೆ ಒಳಗಿನ ಚರ್ಮ ತೆಳ್ಳಗಾಗಿರುತ್ತದೆ, ರಿಂಗ್ ಉಜ್ಜಿ ಹುಣ್ಣಾಯಿತು. ಒಂದು ಬೆಳಿಗ್ಗೆ ಸೀರೆಗೆ ರಕ್ತ. ಕ್ಯಾನ್ಸರೇ ಅಂದುಕೊಂಡು ಬಸ್ಸಿನಲ್ಲಿ ಅಳುತ್ತಾ ಹೋದೆ. ಡಾಕ್ಟರ್ ಪರೀಕ್ಷೆ ಮಾಡಿ, ಹುಣ್ಣು ಅಂತ ಖಾತ್ರಿ ಮಾಡಿಕೊಂಡು, ಮೂರು ವಾರ ರಿಂಗ್ ತೆಗೆಸಿ ಕ್ರೀಮ್ ಹಚ್ಚಿಸಿದರು. ವರ್ಷಗಟ್ಟಲೆ ಮರೆತು ಬಿಟ್ಟವರಿಗೆ ರಿಂಗ್ ಗೋಡೆ ಕೊರೆದು ಮೂತ್ರಕೋಶಕ್ಕೋ ಮಲದ್ವಾರದ ಕಡೆಗೋ ದಾರಿಯಾಗುವುದೂ ಉಂಟಂತೆ. ಆ ಮೂರು ವಾರ ಉಬ್ಬು ಮತ್ತೆ ತೊಡೆಗೆ ತಾಗುತ್ತಾ ಓಡಾಡಿದಾಗ ಈ ಚಕ್ರದ ಬೆಲೆ ನನಗೆ ಗೊತ್ತಾದದ್ದು.

ಮೊದಲ ರಿಂಗ್ ಹಳದಿ ತಿರುಗಿ ಗಡಸಾಯಿತು ಅಂತ ಈ ವರ್ಷದ ಶುರುವಿನಲ್ಲಿ ಬದಲಾಯಿಸಿದರು. ಅದೇ ನಾಲ್ಕನೇ ನಂಬರು. ಎರಡನೇ ಆಪರೇಷನ್ ಮಾತನ್ನು ಡಾಕ್ಟರ್ ಪ್ರತಿ ಸಲ ಎತ್ತುತ್ತಾರೆ, ಒತ್ತಾಯ ಮಾಡುವುದಿಲ್ಲ. ಶುಗರ್ ಈಗ ಹತೋಟಿಯಲ್ಲಿದೆ. ಇನ್ನೊಂದು ಸುಗ್ಗಿ ಕಳೆಯಲಿ ಅಂತ ನಾನೂ ಪ್ರತಿ ಸಲ ಹೇಳುತ್ತೇನೆ. ಅಡಿಕೆ ಸುಲಿಯಲು ಈಗ ಕುರ್ಚಿ ಮೇಲೆ ಕೂರುತ್ತೇನೆ, ಬುಟ್ಟಿ ಎತ್ತುವ ಕೆಲಸ ಮಗನದು. ಕಳೆದ ತಿಂಗಳು ಪಕ್ಕದ ಮನೆ ಅಕ್ಕ ಹಿತ್ತಲ ಬೇಲಿ ಹತ್ತಿರ ಕರೆದು, ‘ನಿಂದು ಆ ರಿಂಗು ಒಂದ್ಸಲ ತೋರಿಸ್ತೀಯೇನೇ?’ ಅಂತ ಪಿಸುಗುಟ್ಟಿದರು. ಶನಿವಾರ ಸಂಜೆ ಬನ್ನಿ ಅಂದೆ. ತೊಳೆದ ರಿಂಗ್ ಅಂಗೈಯಲ್ಲಿಟ್ಟುಕೊಂಡು ಮಡಚಿ, ಬಿಟ್ಟು, ಮತ್ತೆ ಮಡಚಿ, ಎಷ್ಟೋ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ: ‘ಶಿವಮೊಗ್ಗದ ಬಸ್ಸು ಎಷ್ಟು ಹೊತ್ತಿಗೆ?’