ಏಳು ಸೀಸನ್ ಓಡಿಸಿದ ಮೇಲೆ ನನ್ನ ರೌಂಡ್ ಬೇಲರ್: ಸುತ್ತುವುದು ಸಲೀಸು, ಮಾರುವುದು ಬೇರೆ ಮಾತು

ರೌಂಡ್ ಬೇಲರ್ ಅಂದರೆ ಕೊಯ್ದು ಒಣಗಿಸಿದ ಹುಲ್ಲನ್ನು ಹೊಲದಲ್ಲೇ ಎತ್ತಿ ದುಂಡು ಸುರುಳಿಯಾಗಿ ಸುತ್ತಿ ಕಟ್ಟುವ, ಟ್ರ್ಯಾಕ್ಟರ್ ಎಳೆಯುವ ಯಂತ್ರ; ಆ ಸುರುಳಿಯೇ ಬೇಲ್. ಯಂತ್ರ ತಂದ ಮೊದಲ ವಾರದಲ್ಲೇ ಬರೆದಿದ್ದರೆ ಐದಕ್ಕೆ ಐದು ಕೊಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಈಗ ಏಳು ಸೀಸನ್ ಆಗಿದೆ, ಬೇಲ್ ಎಣಿಸುವ ಕೌಂಟರ್ 8,000 ದಾಟಿದೆ, ಕೊಡುವುದು ಮೂರೂವರೆ. ಕಳೆದ ಒಂದೂವರೆಯಲ್ಲಿ ಅರ್ಧ ಯಂತ್ರದ್ದು, ಒಂದು ನನ್ನದೇ. ನನ್ನ ಹೊಲಕ್ಕೆ ಯಾವುದು ಸರಿ ಎಂದು ನೋಡಿ ಕೊಂಡೆನೇ ಹೊರತು, ನನ್ನ ಹುಲ್ಲು ಕೊಳ್ಳುವವನಿಗೆ ಯಾವುದು ಸರಿ ಎಂದು ಕೇಳಲಿಲ್ಲ.

ಇದು ಫಿಕ್ಸ್ಡ್ ಚೇಂಬರ್ ಬೇಲರ್. ಬೇಲ್ 1.2 ಮೀಟರ್ ಅಗಲ, 1.2 ಮೀಟರ್ ಎತ್ತರ. ಬೇಲ್ ಬಿಚ್ಚಿಕೊಳ್ಳದಂತೆ ದಾರ ಮಾತ್ರ ಸುತ್ತುತ್ತದೆ, ನೆಟ್ (ಅಗಲ ಪ್ಲಾಸ್ಟಿಕ್ ಬಲೆ) ಇಲ್ಲ. 540 ಆರ್‌ಪಿಎಂ ಪಿಟಿಒ (ಟ್ರ್ಯಾಕ್ಟರ್ ಇಂಜಿನ್ ಶಕ್ತಿಯನ್ನು ಯಂತ್ರಕ್ಕೆ ಕೊಡುವ ತಿರುಗುವ ಶಾಫ್ಟ್), ನನ್ನದು 50 ಎಚ್‌ಪಿ ಟ್ರ್ಯಾಕ್ಟರ್. ಸಮತಟ್ಟು ನೆಲದಲ್ಲಿ ಅದಕ್ಕೆ ಆಯಾಸವೇ ಇಲ್ಲ, ಏರಿನಲ್ಲಿ ಬೇಲ್ ತುಂಬುತ್ತಾ ಬಂದಾಗ ಮಾತ್ರ ಇಂಜಿನ್ ಸದ್ದು ಬದಲಾಗುತ್ತದೆ. ಕಂಪನಿ ಹೆಸರು ಬೇಡ. ಈ ಜಾತಿಯ ಯಂತ್ರಗಳ ಗುಣ, ದೋಷ ಹೆಚ್ಚುಕಡಿಮೆ ಒಂದೇ.

ಫಿಕ್ಸ್ಡ್ ಚೇಂಬರ್ ಅಂದರೆ ಸುತ್ತಲೂ ರೋಲರ್‌ಗಳು, ಗೂಡಿನ ಅಳತೆ ಬದಲಾಗುವುದಿಲ್ಲ. ಮೊದಲು ಬಂದ ಹುಲ್ಲು ಒಳಗೆ ಸುಮ್ಮನೆ ಹೊರಳಾಡುತ್ತದೆ. ಗೂಡು ತುಂಬಿದ ಮೇಲೆಯೇ ಒತ್ತಡ ಬೀಳುವುದು. ಹಾಗಾಗಿ ಬೇಲ್‌ನ ಹೊರಮೈ ಗಟ್ಟಿ, ಹೊಟ್ಟೆ ಸಡಿಲ. ಬೆಲ್ಟ್ ಇರುವ ವೇರಿಯಬಲ್ ಚೇಂಬರ್‌ನಲ್ಲಿ ಮೊದಲ ಹಿಡಿ ಹುಲ್ಲಿನಿಂದಲೇ ಒತ್ತಡ ಶುರುವಾಗುತ್ತದೆ, ಅಳತೆಯೂ ನಮ್ಮ ಕೈಯಲ್ಲಿರುತ್ತದೆ. ಮಾರಲು ಬಂದವನು ಇದನ್ನು ಹೇಳಲಿಲ್ಲ, ನಾನೂ ಕೇಳಲಿಲ್ಲ. ರೋಲರ್ ಯಂತ್ರ ಸರಳ, ಬೆಲ್ಟ್ ಹರಿಯುವ ತಲೆನೋವಿಲ್ಲ ಅಂದ. ಅದು ನಿಜವೇ.

ಸಡಿಲ ಹೊಟ್ಟೆಯಿಂದ ನನಗೆ ಲಾಭವೂ ಆಗಿದೆ. ಸ್ವಲ್ಪ ಹಸಿ ಉಳಿದ ಹುಲ್ಲು ಸುತ್ತಿದಾಗಲೂ ನಡುವೆ ಗಾಳಿಯಾಡಿ ಎಷ್ಟೋ ಬೇಲ್ ಬಚಾವಾಗಿವೆ. ಆದರೆ ನಾಲ್ಕೈದು ತಿಂಗಳು ಇಟ್ಟರೆ ಬೇಲ್ ಕುಸಿದು ಮೊಟ್ಟೆಯ ಆಕಾರಕ್ಕೆ ಬರುತ್ತದೆ. ಮೂರು ಸಾಲು ಏರಿಸಿದ ಅಟ್ಟಿ ವಾಲುತ್ತದೆ. ಕೊಳ್ಳಲು ಬಂದವನು ಅದನ್ನು ನೋಡಿ "ಹಳೇ ಹುಲ್ಲಾ?" ಅನ್ನುತ್ತಾನೆ. ಹುಲ್ಲು ಚೆನ್ನಾಗಿಯೇ ಇರುತ್ತದೆ, ಆದರೆ ಮಾತು ಅಲ್ಲಿಗೆ ಅರ್ಧ ಸೋತಂತೆ.

ದಾರದ ವಿಷಯದಲ್ಲಿ ನನಗೆ ಸಮಾಧಾನವೇ ಇಲ್ಲ. ನೆಟ್ ಆದರೆ ಎರಡು ಮೂರು ಸುತ್ತು, ಬಾಗಿಲು ತೆಗೆ, ಮುಂದೆ ಹೋಗು. ದಾರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನಿಧಾನಕ್ಕೆ ಸರಿಯುತ್ತಾ ಹದಿನೈದು, ಇಪ್ಪತ್ತು ಸುತ್ತು ಹಾಕುವವರೆಗೆ ನಿಂತಲ್ಲೇ ನಿಂತಿರಬೇಕು. ಬೇಲ್‌ಗೆ ಒಂದು ನಿಮಿಷ ಎಂದರೂ ಅರವತ್ತು ಬೇಲ್‌ಗೆ ಒಂದು ಗಂಟೆ. ಮೋಡ ಕಟ್ಟಿದ ಸಂಜೆ ಆ ಒಂದು ಗಂಟೆ ಎಷ್ಟು ಉದ್ದ ಅಂತ ಟ್ರ್ಯಾಕ್ಟರ್ ಮೇಲೆ ಕೂತವನಿಗೇ ಗೊತ್ತು. ಮೊದಲೆರಡು ವರ್ಷ ನಾರಿನ ದಾರ ಹಾಕಿದ್ದೆ. ಎಂಟನೇ ತಿಂಗಳಲ್ಲಿ ಒಂದು ಬೇಲ್‌ಗೆ ಲೋಡರ್‌ನ ಈಟಿ ಚುಚ್ಚಿ ಎತ್ತಿದರೆ ಮೇಲಿನ ಅರ್ಧ ಮಾತ್ರ ಬಂತು. ನೆಲಕ್ಕೆ ತಾಗಿದ ಕಡೆ ದಾರ ಕೊಳೆತು ಹೋಗಿತ್ತು, ಉಳಿದಿದ್ದನ್ನು ಇಲಿ ಕಡಿದಿತ್ತು. ಲಾರಿಯವನ ಎದುರಿಗೇ ಆಯಿತು. ಅವತ್ತಿಂದ ಪ್ಲಾಸ್ಟಿಕ್ ದಾರ. ಅದು ಕೊಳೆಯುವುದಿಲ್ಲ, ಆದರೆ ಒಂದು ತುಂಡೂ ಮೇವಿನಲ್ಲಿ ಉಳಿಯಬಾರದು. ದನದ ಹೊಟ್ಟೆಯಲ್ಲಿ ಅದು ಕರಗುವುದಿಲ್ಲ. ಪ್ರತಿ ಗಿರಾಕಿಗೂ ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ನೆಟ್‌ಗೂ ಇದೇ ಮಾತು.

ಯಂತ್ರದ ತಪ್ಪು ಎಂದು ನಾನು ಒಂದು ಸೀಸನ್ ಪೂರ್ತಿ ಬೈದದ್ದು ನನ್ನದೇ ತಪ್ಪಾಗಿತ್ತು. ಬೇಲ್‌ಗಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣಕಲು, ಕ್ಯಾರೆಟ್ ತರ. ಸಣ್ಣ ಕಡೆಯಿಂದ ದಾರ ಜಾರಿ ಬೀಳುತ್ತಿತ್ತು. ಕಾರಣ ಇಷ್ಟೇ: ಹುಲ್ಲಿನ ಸಾಲು ಕಿರಿದಾಗಿತ್ತು, ನಾನು ನೇರ ಓಡಿಸುತ್ತಿದ್ದೆ. ಸಾಲು, ನೆಲದ ಹುಲ್ಲು ಎತ್ತಿ ಒಳಗೆ ತಳ್ಳುವ ಹಲ್ಲಿನ ಭಾಗವಾದ ಪಿಕಪ್‌ನಷ್ಟೇ ಅಗಲ ಇದ್ದರೆ ಏನೂ ಮಾಡಬೇಕಿಲ್ಲ. ಕಿರಿದಿದ್ದರೆ ಒಂದಷ್ಟು ದೂರ ಎಡ ಅಂಚಿಗೆ ತಿನ್ನಿಸಬೇಕು, ಮತ್ತೊಂದಷ್ಟು ದೂರ ಬಲ ಅಂಚಿಗೆ. ಹಾವಿನಂತೆ ಸದಾ ಹೊರಳಿಸಿದರೆ ಹುಲ್ಲು ನಡುವಿಗೇ ಬಿದ್ದು ಪೀಪಾಯಿ ಆಗುತ್ತದೆ. ಅದನ್ನೂ ಮಾಡಿ ನೋಡಿದ್ದೇನೆ.

ಇನ್ನು ಒಣಗಿಸುವುದು. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಏಕೆಂದರೆ ಯಾವ ಬೇಲರ್ ಕೊಂಡರೂ ಇದು ತಪ್ಪಿದ್ದಲ್ಲ. ರೌಂಡ್ ಬೇಲ್‌ಗೆ ಹುಲ್ಲಿನ ತೇವ ಶೇ 15ರಿಂದ 18 ಇದ್ದರೆ ನಿದ್ದೆ ಬರುತ್ತದೆ. ಶೇ 20 ದಾಟಿದರೆ ಬೂಷ್ಟು, ಕಾವು. ಮೀಟರ್ ಇದೆ, ಆದರೂ ಉಗುರನ್ನೇ ಹೆಚ್ಚು ನಂಬುತ್ತೇನೆ. ಸಾಲಿನ ಅಡಿಯಿಂದ ದಪ್ಪ ದಂಟು ಎಳೆದು ಉಗುರಿನಿಂದ ಕೆರೆಯುತ್ತೇನೆ. ಸಿಪ್ಪೆ ಎದ್ದು ಬಂದರೆ ಇನ್ನೂ ಹಸಿ. ಒಂದು ಹಿಡಿ ಹಿಂಡಿ ತಿರುಚಿದಾಗ ಎರಡು ಮೂರು ತಿರುವಿಗೆ ಪಟಪಟ ಮುರಿದರೆ ಸುತ್ತಬಹುದು. ಅನುಮಾನ ಇದ್ದರೆ ಸಣ್ಣಗೆ ಕತ್ತರಿಸಿದ ಹುಲ್ಲು, ಒಣ ಉಪ್ಪು ಎರಡನ್ನೂ ಗಾಜಿನ ಜಾಡಿಗೆ ಹಾಕಿ ಕುಲುಕುತ್ತೇನೆ. ಉಪ್ಪು ಗಂಟು ಕಟ್ಟಿದರೆ ಆ ದಿನ ಬೇಲರ್ ಶೆಡ್ಡಿನಲ್ಲೇ. ಕುದುರೆ ಮಸಾಲೆಯಂಥ ಎಲೆ ಮೇವಿಗೆ ಉಲ್ಟಾ ಕಷ್ಟ: ಅತಿಯಾಗಿ ಒಣಗಿದರೆ ಎಲೆಯೆಲ್ಲ ಉದುರಿ ದಂಟು ಮಾತ್ರ ಸುತ್ತಿಕೊಳ್ಳುತ್ತದೆ. ಹೆಚ್ಚಿನ ಪ್ರೋಟೀನ್ ಇರುವುದು ಎಲೆಯಲ್ಲೇ. ಅದನ್ನು ಇಬ್ಬನಿಗೆ ತುಸು ಮೆತ್ತಗಾಗಿರುವ ಹೊತ್ತಿನಲ್ಲಿ ಸುತ್ತುತ್ತೇನೆ.

ಮೂರನೇ ಸೀಸನ್‌ನಲ್ಲಿ ಅವಸರ ಮಾಡಿದೆ. ಹತ್ತು ದಿನ ಆದಮೇಲೆ ಶೆಡ್ಡಿಗೆ ಹೋದರೆ ಸಿಹಿ ಸಿಹಿ ವಾಸನೆ, ಹೊಗೆಸೊಪ್ಪಿಗೆ ಬೆಲ್ಲ ಬೆರೆಸಿದ ಹಾಗೆ. ಕಬ್ಬಿಣದ ಸರಳು ಚುಚ್ಚಿ ಕಾಲು ಗಂಟೆ ಬಿಟ್ಟು ಎಳೆದೆ, ಬರಿಗೈಯಲ್ಲಿ ಹಿಡಿಯಲಾಗಲಿಲ್ಲ. ಒಳಗಿನ ಶಾಖ 65 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಕಾವಲು ಕೂರಬೇಕು, 80ರ ಹತ್ತಿರ ಹೋದರೆ ಬೆಂಕಿ ಬಾಗಿಲಲ್ಲೇ ನಿಂತಿದೆ ಎಂದರ್ಥ. ನನ್ನವು ಹೇಗೋ ಇಳಿದವು. ಬಿಚ್ಚಿದರೆ ಕಂದು ಬಣ್ಣದ ಹುಲ್ಲು. ದನ ಅದನ್ನು ಆಸೆಪಟ್ಟೇ ತಿಂದವು, ಆದರೆ ಹಾಗೆ ಬೆಂದ ಹುಲ್ಲಿನ ಪ್ರೋಟೀನ್‌ನಲ್ಲಿ ಒಂದು ಪಾಲು ಜೀರ್ಣವಾಗದ ರೂಪಕ್ಕೆ ತಿರುಗಿರುತ್ತದೆ. ಅವನ್ನು ಮಾರಲಿಲ್ಲ. ಮಾರಿದ್ದ ಹದಿನಾಲ್ಕು ಬೇಲ್ ವಾಪಸ್ ತರಿಸಿಕೊಂಡೆ. ಆ ಗಿರಾಕಿ ಈಗಲೂ ಬರುತ್ತಾರೆ. ಈಗ ಸುತ್ತಿದ ಮೂರು ವಾರ ಒಂದು ಬೇಲ್ ಕೂಡ ಹೊರಗೆ ಬಿಡುವುದಿಲ್ಲ.

ಇಡುವ ಜಾಗದ ಲೆಕ್ಕವನ್ನು ಯಾರೂ ಹೇಳಿಕೊಡಲಿಲ್ಲ, ಒಂದು ರಾತ್ರಿ ನಾನೇ ಹಾಕಿದೆ. 1.2 ಮೀಟರ್ ಬೇಲ್‌ನ ಹೊರಗಿನ 10 ಸೆಂಟಿಮೀಟರ್ ಪದರ ಹಾಳಾದರೆ ಹೋಗುವುದು ಶೇ 30ಕ್ಕಿಂತ ಸ್ವಲ್ಪ ಹೆಚ್ಚು ಹುಲ್ಲು. 15 ಸೆಂಟಿಮೀಟರ್ ಆದರೆ ಶೇ 44ರ ಹತ್ತಿರ. ಒಂದು ಗೇಣಿಗೂ ಕಡಿಮೆ, ಅಷ್ಟೇ! ಶೆಡ್ ಸಾಲದೆ ಹೊರಗೆ ಇಡಲೇಬೇಕಾದರೆ ಜಲ್ಲಿಯ ಮೇಲೆ, ಮುಖಕ್ಕೆ ಮುಖ ಒತ್ತಿ ಉದ್ದ ಸಾಲಾಗಿ ಇಡುತ್ತೇನೆ. ಸಾಲು ಸಾಲಿನ ನಡುವೆ ಜಾಗ ಬಿಡುತ್ತೇನೆ. ದುಂಡು ಮೈಗಳು ಒಂದಕ್ಕೊಂದು ತಾಗಿದರೆ ಆ ಸಂದಿಯಲ್ಲಿ ನೀರು ನಿಲ್ಲುತ್ತದೆ.

ಮಾರಾಟದಲ್ಲಿ ಜಗಳ ಹುಟ್ಟುವುದು "ಬೇಲ್" ಎಂಬ ಪದದಿಂದಲೇ. ಒಬ್ಬನ ಬೇಲ್ ಇನ್ನೊಬ್ಬನದಲ್ಲ. 1.5 ಮೀಟರ್ ಎತ್ತರದ ಬೇಲ್ ನೋಡಲು ನನ್ನದಕ್ಕಿಂತ ಸ್ವಲ್ಪವೇ ದೊಡ್ಡದು, ಅಗಲ ಒಂದೇ ಇದ್ದರೆ ಹಿಡಿಸುವ ಜಾಗ ಶೇ 56 ಹೆಚ್ಚು. ಅದಕ್ಕೆ ಎಣಿಕೆ ಬಿಟ್ಟು ತೂಕಕ್ಕೆ ಬಂದೆ. ಪ್ರತಿ ಕಟಾವಿನಲ್ಲಿ ಹತ್ತು ಬೇಲ್ ತೂಗಿಸಿ ಸರಾಸರಿ ಬರೆದಿಡುತ್ತೇನೆ. ತೂಕದಲ್ಲೂ ಒಂದು ಕೊಕ್ಕೆ ಇದೆ. ಶೇ 20 ತೇವದಲ್ಲಿ 200 ಕೆಜಿ ತೂಗಿದ ಬೇಲ್ ಶೇ 12ಕ್ಕೆ ಒಣಗಿದಾಗ 182 ಕೆಜಿ. ಹುಲ್ಲು ಎಲ್ಲೂ ಹೋಗಿಲ್ಲ, ಹೋದದ್ದು ನೀರು. ತೂಗಿದ ತಾರೀಖನ್ನೂ ಚೀಟಿಯಲ್ಲಿ ಬರೆಯಲು ಶುರು ಮಾಡಿದ ಮೇಲೆ ಫೋನ್ ಜಗಳ ನಿಂತಿತು. ಕುದುರೆ ಸಾಕುವವರಿಗೆ ದೂಳು, ಬೂಷ್ಟು ಚೂರೂ ಇರಬಾರದು, ಹಾಗಾಗಿ ಒಂದು ಬೇಲ್ ಅವರ ಎದುರೇ ಬಿಚ್ಚಿ ತೋರಿಸುತ್ತೇನೆ. ದನ ಸಾಕುವವರು ಅಷ್ಟು ನಾಜೂಕಲ್ಲ, ಆದರೆ ಹೂ ಬಿಟ್ಟ ಮೇಲೆ ಕೊಯ್ದ ಒರಟು ಹುಲ್ಲನ್ನು ಅವರೂ ಎರಡನೇ ಸಲ ಕೇಳುವುದಿಲ್ಲ.

ರಿಪೇರಿ ಹೆಚ್ಚೇನಿಲ್ಲ. ಪಿಕಪ್ ಹಲ್ಲು ವರ್ಷಕ್ಕೆ ಐದಾರು ಮುರಿಯುತ್ತವೆ. ಹೊರೆ ಜಾಸ್ತಿಯಾದಾಗ ತಾನು ಮುರಿದು ಯಂತ್ರ ಉಳಿಸುವ ಶಿಯರ್ ಬೋಲ್ಟ್ ಕಿಸೆಯಲ್ಲೇ ಇರುತ್ತದೆ. ಅದು ಪದೇ ಪದೇ ತುಂಡಾದರೆ ಗಟ್ಟಿ ಬೋಲ್ಟ್ ಹಾಕುವ ಬುದ್ಧಿವಂತಿಕೆ ಬೇಡ, ಮುಂದೆ ಮುರಿಯುವುದು ಗೇರ್‌ಬಾಕ್ಸ್. ಬೇರಿಂಗ್ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಬೇಲರ್ ಸುಟ್ಟುಹೋಗುವುದು ಬಹಳ ಸಲ ಕಾದ ಬೇರಿಂಗ್‌ಗೆ ಹೊಟ್ಟು ಮೆತ್ತಿಕೊಂಡು. ದಿನದ ಕೆಲಸ ಮುಗಿದ ಕೂಡಲೇ ಕೈ ಹತ್ತಿರ ಹಿಡಿದು ನೋಡುತ್ತೇನೆ, ಒಂದೇ ಒಂದು ಉಳಿದವಕ್ಕಿಂತ ಬಿಸಿ ಇದ್ದರೆ ಅದರ ಕತೆ ಮುಗಿಯಿತು. ಬೆಂಕಿ ಆರಿಸುವ ಸಿಲಿಂಡರ್ ಟ್ರ್ಯಾಕ್ಟರ್‌ನಲ್ಲಿ ಸದಾ ಇರುತ್ತದೆ. ಹುಲ್ಲು ಸಿಕ್ಕಿಕೊಂಡಾಗ ಪಿಟಿಒ ಬಿಡಿಸಿ, ಇಂಜಿನ್ ನಿಲ್ಲಿಸಿ, ಕೀಲಿ ಕಿಸೆಗೆ ಹಾಕಿಕೊಂಡೇ ಇಳಿಯುವುದು. ಓಡುವ ಪಿಕಪ್ ಹುಲ್ಲು ಎಳೆಯುವ ವೇಗಕ್ಕಿಂತ ಬೇಗ ಕೈ ಹಿಂದಕ್ಕೆ ಬರುವುದಿಲ್ಲ. ಇಳಿಜಾರಿನಲ್ಲಿ ಟ್ರ್ಯಾಕ್ಟರ್ ಅಡ್ಡ ತಿರುಗಿಸಿಯೇ ಬೇಲ್ ಹೊರಹಾಕಿ. ನನ್ನ ಒಂದು ಬೇಲ್ ಬೇಲಿ ಮುರಿದು ಹಳ್ಳಕ್ಕೆ ಹೋಗಿ ನಿಂತಿದೆ. ಅಲ್ಲಿ ಯಾರೂ ಇರಲಿಲ್ಲ, ಅಷ್ಟೇ ಪುಣ್ಯ.

ಸ್ವಂತ ದನಕ್ಕೆ ಮಾತ್ರ ಸುತ್ತುವವರು ಈ ಯಂತ್ರವನ್ನೇ ಕಣ್ಣು ಮುಚ್ಚಿ ಕೊಳ್ಳಬಹುದು. ಮಾರುವ ಆಲೋಚನೆ ಇದ್ದರೆ ನೆಟ್ ಇರುವುದನ್ನೇ ನೋಡಿ, ಸಾಧ್ಯವಾದರೆ ವೇರಿಯಬಲ್ ಚೇಂಬರ್. ಸೆಕೆಂಡ್ ಹ್ಯಾಂಡ್ ಆದರೆ ಮೊದಲು ಕೌಂಟರ್ ಓದಿ, ಆಮೇಲೆ ಬಾಗಿಲು ಎತ್ತಿಸಿ ಲಾಕ್ ಹಾಕಿ, ಒಂದೊಂದೇ ರೋಲರ್ ತುದಿ ಹಿಡಿದು ಅಲ್ಲಾಡಿಸಿ. ನನ್ನದರಲ್ಲಿ ಬಲಗಡೆಯ ಕೆಳಗಿನ ಎರಡು ಈಗ ಅಲ್ಲಾಡುತ್ತಿವೆ. ಬೇರಿಂಗ್ ಬಂದಿದೆ, ಈ ಭಾನುವಾರ ಬಿಚ್ಚಬೇಕು.