ಕೊಯೋಟಿಗೆ ಯಾವ ಕ್ಯಾಲಿಬರ್? ನನ್ನ ಓಟು .223ಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ .223 ಸಾಕು. (ಕ್ಯಾಲಿಬರ್ ಅಂದರೆ ಗುಂಡಿನ ದಪ್ಪ, ಇಂಚಿನ ಲೆಕ್ಕದಲ್ಲಿ; .223, .204 ಅನ್ನುವುದು ಅದರ ಮೇಲೆ ಇಟ್ಟ ತೋಟಾದ ಹೆಸರು, ಆ ತೋಟಾ ಹಾಕುವ ಕೋವಿಗೂ ಅದೇ ಹೆಸರು.) ಆದರೆ ಇದು ಗೊತ್ತಾಗಿದ್ದು .204 ಕೊಂಡು ಕೈ ಸುಟ್ಟುಕೊಂಡ ಮೇಲೆ. ನಡುವೆ ಬೇರೆಯವರ .22-250 ಮತ್ತು .243 ಎರಡನ್ನೂ ಹೊಡೆದು ನೋಡಿದ್ದೇನೆ.

ನಾನಿರುವುದು ಟೆಕ್ಸಾಸ್‌ನಲ್ಲಿ. ಸ್ಯಾನ್ ಆಂಟೋನಿಯೊದಿಂದ ಎರಡು ಗಂಟೆ ಹೋದರೆ ಪರಿಚಯದ ಯಜಮಾನರೊಬ್ಬರ ಆಡಿನ ರಾಂಚ್ ಇದೆ. ಆಡು ಮರಿ ಹಾಕುವ ಕಾಲಕ್ಕೆ ಕೊಯೋಟಿಗಳ ಕಾಟ ಶುರು. ನಮ್ಮ ಗುಳ್ಳೆನರಿಗಿಂತ ಸ್ವಲ್ಪ ದೊಡ್ಡದು, ತೋಳಕ್ಕಿಂತ ಚಿಕ್ಕದು. ಹತ್ತು ಹದಿನೈದು ಕೆಜಿ ತೂಗುತ್ತದೆ. ಊರಲ್ಲಾದರೆ 1972ರ ವನ್ಯಜೀವಿ ಕಾಯ್ದೆ ಇದೆ, ನರಿಗೆ ಕೋವಿ ಎತ್ತುವ ಹಾಗಿಲ್ಲ. ಇಲ್ಲಿ ಕೊಯೋಟಿಗೆ ವರ್ಷವಿಡೀ ಅನುಮತಿ. ಮಲೆನಾಡಿನ ನಮ್ಮ ಅಜ್ಜನ ಮನೆಯಲ್ಲಿ ಇದ್ದದ್ದು ಒಂದೇ ಒಂದು ಕೇಪಿನ ಕೋವಿ, ಹಾಗಾಗಿ ಕ್ಯಾಲಿಬರ್ ಅನ್ನೋ ತಲೆನೋವು ನನಗೆ ಹೊಸದು.

.204 ಬಂದಿದ್ದು 2004ರಲ್ಲಿ. 32 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಸೆಕೆಂಡಿಗೆ 4,000 ಅಡಿ ದಾಟುತ್ತದೆ. ಆ ಅಂಕಿ ನೋಡಿಯೇ ನಾನು ಬಿದ್ದಿದ್ದು. ಸುಳ್ಳು ಹೇಳಬಾರದು, ಹೊಡೆಯೋಕೆ ಸುಖ. ಒದೆತವೇ ಇಲ್ಲ ಅನ್ನಬೇಕು, ಗುಂಡು ತಾಗಿದ್ದು ಸ್ಕೋಪಿನಲ್ಲೇ ಕಾಣುತ್ತದೆ.

ತೊಂದರೆ ಶುರುವಾಗಿದ್ದು ಮನೆಗೆ ಬಂದು ನಳಿಗೆ ಒರೆಸಲು ಕೂತಾಗ. ನನ್ನ ಹತ್ತಿರ .22ರ ರಾಡ್ ಇತ್ತು. ಬೋಲ್ಟ್, ಅಂದರೆ ನಳಿಗೆಯ ಹಿಂಬದಿ ಮುಚ್ಚುವ ಅಗುಳಿ, ತೆಗೆದು ಹಿಂದಿನಿಂದ ತೂರಿಸಿದರೆ ತುದಿ ಒಳಗೇ ಹೋಗುತ್ತಿಲ್ಲ. .22ರ ಗುಂಡಿಗೂ ಇದರ ಗುಂಡಿಗೂ ಅರ್ಧ ಮಿಲಿಮೀಟರ್ ವ್ಯತ್ಯಾಸ, ಅಷ್ಟೇ. ಅಷ್ಟಕ್ಕೇ ರಾಡ್, ಬ್ರಷ್, ಬಟ್ಟೆ ಸಿಗಿಸುವ ಹಿತ್ತಾಳೆ ತುದಿ, ಎಲ್ಲ ಬೇರೆ ಬೇಕು. ಅಂಗಡಿಗೆ ಹೋದರೆ .17ರ ರಾಡ್ ತೋರಿಸಿದರು. ಅದೋ, ಪೊರಕೆಕಡ್ಡಿ ಹಾಗೆ ಬಾಗುತ್ತದೆ. ಕೊನೆಗೆ ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿ ಕಾಯುತ್ತಾ ಕೂತೆ.

ಅದಾದರೂ ಸಹಿಸಿಕೊಳ್ಳಬಹುದಿತ್ತು. ಫೆಬ್ರವರಿಯ ಒಂದು ಶುಕ್ರವಾರ ರಾಂಚ್ ತಲುಪಿ ಬ್ಯಾಗ್ ಬಿಚ್ಚುತ್ತಿದ್ದೆ, ಹೆಂಡತಿ ಫೋನ್ ಬಂತು. "ರೀ, ಡೈನಿಂಗ್ ಟೇಬಲ್ ಮೇಲೆ ಒಂದು ಹಳದಿ ಡಬ್ಬಿ ಇದೆ, ಭಾರ ಇದೆ. ಇದು ಬೇಡ್ವಾ ನಿಮಗೆ?" ತೋಟಾ! ಇಪ್ಪತ್ತು ಮೈಲಿ ದೂರದ ಪೇಟೆಗೆ ಓಡಿದೆ. ಮೊದಲು ಹಾರ್ಡ್‌ವೇರ್ ಅಂಗಡಿ, ಆಮೇಲೆ ದನದ ಮೇವು ಮಾರುವ ಅಂಗಡಿ, ಕೊನೆಗೆ ಪೆಟ್ರೋಲ್ ಬಂಕ್. ಮೂರೂ ಕಡೆ .223 ಇತ್ತು, .243 ಇತ್ತು, ಜಿಂಕೆ ಹೊಡೆಯುವವರ .30-30 ಕೂಡ ಇತ್ತು. .204 ಕೇಳಿದರೆ ಮೇವಿನಂಗಡಿಯ ಹೆಂಗಸು ಕನ್ನಡಕ ಮೇಲೇರಿಸಿ ಶೆಲ್ಫ್ ಎರಡು ಸಲ ನೋಡಿದರು. "ಅದನ್ನ ಕೇಳಿಕೊಂಡು ಬರೋರೇ ಇಲ್ಲ ಮಗಾ, ತರಿಸಿದರೆ ಧೂಳು ಹಿಡಿಯುತ್ತೆ" ಅಂದರು. ಆ ವಾರ ಪೂರ್ತಿ ನನ್ನ ಕೋವಿ ಬರೀ ಒಂದು ಒಳ್ಳೇ ದೊಣ್ಣೆ.

ಯಜಮಾನರು ನಕ್ಕು ತಮ್ಮ .243 ಕೊಟ್ಟರು. 1955ರ ಹಳೇ ಹುಲಿ ಇದು; .308ರ ತೋಟಾದ ಕತ್ತು (ಗುಂಡು ಕೂರುವ ಬಾಯಿ) ಕಿರಿದು ಮಾಡಿ ಹುಟ್ಟಿಸಿದ್ದು. 100 ಗ್ರೇನ್ ಗುಂಡಿಗೆ ಜಿಂಕೆ ಬೀಳುತ್ತದೆ, 58 ಗ್ರೇನ್ ಹಾಕಿದರೆ ಕೊಯೋಟಿಗೂ ಆಯ್ತು. ಗಾಳಿಗೆ ಅಷ್ಟಾಗಿ ಜಗ್ಗುವುದಿಲ್ಲ. ಆದರೆ ಅವತ್ತು ನಾನು ಹಾಕಿದ್ದು ಅವರ ಜಿಂಕೆ ತೋಟಾ. ಒದ್ದ ರಭಸಕ್ಕೆ ಸ್ಕೋಪಿನಲ್ಲಿ ಬರೀ ಆಕಾಶ. ಕೊಯೋಟಿ ಬಿತ್ತೋ ಓಡಿತೋ ಗೊತ್ತಾಗಲಿಲ್ಲ. ಹಿಂದೆಯೇ ಬಂದಿದ್ದ ಇನ್ನೊಂದನ್ನು ನಾನು ಮತ್ತೆ ಹುಡುಕುವಷ್ಟರಲ್ಲಿ ಅದು ಗುಡ್ಡ ದಾಟಿತ್ತು. ಬಿದ್ದಿದ್ದರ ಚರ್ಮ ನೋಡಿದರೆ, ಮಾರುವವರು ಅಳಬೇಕು. ನಾನು ಮಾರುವುದಿಲ್ಲ, ಬಿಡಿ.

.22-250 ಸಹೋದ್ಯೋಗಿಯದು. .250 ಸ್ಯಾವೇಜ್ ತೋಟಾದ ಕತ್ತನ್ನು .22ಕ್ಕೆ ಇಳಿಸಿ ಹವ್ಯಾಸಿಗಳು ಕಟ್ಟಿಕೊಂಡಿದ್ದನ್ನು 1965ರಲ್ಲಿ ರೆಮಿಂಗ್ಟನ್ ಕಂಪನಿ ಅಧಿಕೃತ ಮಾಡಿತು. ಅದೇ 55 ಗ್ರೇನ್ ಗುಂಡನ್ನು .223ಗಿಂತ ಸೆಕೆಂಡಿಗೆ ಸುಮಾರು 400 ಅಡಿ ಜಾಸ್ತಿ ವೇಗದಲ್ಲಿ ಕಳಿಸುತ್ತದೆ. ಬಯಲಿನಲ್ಲಿ 300 ಗಜ ಹೊಡೆಯುವವರು ಕಣ್ಣು ಮುಚ್ಚಿ ತಗೊಳ್ಳಿ. ನನಗೆ ಸದ್ದು ಜಾಸ್ತಿಯಾಯಿತು. ಗುರಿಹಲಗೆಗೆ ಹತ್ತು ಈಡು ಹೊಡೆಯುವಷ್ಟರಲ್ಲಿ ನಳಿಗೆ ಮುಟ್ಟೋಕಾಗದಷ್ಟು ಬಿಸಿ.

ನಾನು ಕೂರುವ ಜಾಗವೇ ಬೇರೆ. ಸುತ್ತ ಸೀಡರ್ ಪೊದೆ, ಮೆಸ್ಕೀಟ್. ಮೆಸ್ಕೀಟ್ ಅಂದರೆ ನಮ್ಮ ಬಳ್ಳಾರಿ ಜಾಲಿಯ ದಾಯಾದಿ, ಅದೇ ಮುಳ್ಳು, ಅದೇ ಹಟ. ಗಾಯಗೊಂಡ ಮೊಲದ ಕೂಗು ಹಾಕಿದರೆ ಕೊಯೋಟಿ ನೇರ ಬರುವುದಿಲ್ಲ, ವಾಸನೆ ಹಿಡಿಯಲು ಗಾಳಿಯ ಕೆಳದಿಕ್ಕಿಗೆ ಸುತ್ತು ಹಾಕುತ್ತದೆ. ಕಾಣುವುದೇ ನೂರು, ನೂರೈವತ್ತು ಗಜದಲ್ಲಿ. ಅಷ್ಟಕ್ಕೆ ಸೆಕೆಂಡಿಗೆ 4,000 ಅಡಿ ಯಾಕೆ ಬೇಕು ಹೇಳಿ?

ಹಾಗಾಗಿ .204 ಮಾರಿ .223 ಬೋಲ್ಟ್ ರೈಫಲ್ ತಗೊಂಡೆ. 55 ಗ್ರೇನ್, ಪ್ಲಾಸ್ಟಿಕ್ ಮೊನೆಯ ಗುಂಡು. ಕೊಯೋಟಿಗೆ ಪೂರ್ತಿ ತಾಮ್ರ ಹೊದಿಸಿದ ಅಗ್ಗದ ಗುಂಡು ಬೇಡ, ಸುಮ್ನೆ ತೂರಿಕೊಂಡು ಹೋಗುತ್ತದೆ, ಪ್ರಾಣಿ ನರಳುತ್ತದೆ. ಇನ್ನೊಂದು ಎಚ್ಚರಿಕೆ: ಮಿಲಿಟರಿಯ 5.56 ತೋಟಾ ಇದರಲ್ಲಿ ಕೂರುತ್ತದೆ, ಆದರೆ .223 ಅಂತಷ್ಟೇ ಬರೆದ ಕೋವಿಗೆ ಅದನ್ನು ಹಾಕಬಾರದು, ಒತ್ತಡ ಜಾಸ್ತಿ. ಅಭ್ಯಾಸದ ತೋಟಾ ನನಗೆ .22-250ರ ಅರ್ಧ ಬೆಲೆಗೆ ಸಿಗುತ್ತಿದೆ, ಹಾಗಾಗಿ ತಿಂಗಳಿಗೆ ಎರಡು ಸಲ ರೇಂಜಿಗೆ ಹೋಗುತ್ತೇನೆ. ಗಾಳಿಯಲ್ಲಿ 280 ಗಜಕ್ಕೆ ಹೊಡೆದು ಒಮ್ಮೆ ತಪ್ಪಿದ್ದೂ ಇದೆ. ಈಗ 200 ದಾಟಿದರೆ ಟ್ರಿಗರ್ ಮುಟ್ಟುವುದಿಲ್ಲ.

ಒಂದೇ ಕೋವಿಯಲ್ಲಿ ಜಿಂಕೆಯೂ ಆಗಬೇಕು ಅನ್ನುವವರು .243 ತಗೊಳ್ಳಿ, ತಕರಾರಿಲ್ಲ. ಅಂದಹಾಗೆ, ಆರ್ಡರ್ ಮಾಡಿದ್ದ ಆ ಸಣ್ಣ ರಾಡ್ ಬಂದಿದ್ದು .204 ಮಾರಿದ ಮರುವಾರ. ಕೊಂಡವನ ಹತ್ತಿರ ಆಗಲೇ ಒಂದಿತ್ತು. ಹಿತ್ತಲಿನ ಟೊಮ್ಯಾಟೊ ಗಿಡಕ್ಕೆ ಹೆಂಡತಿ ಊರುಗೋಲು ಮಾಡಿಕೊಂಡಿದ್ದಾಳೆ.