ಪುಣೆಯ ಇಳಿಜಾರಿಗೆ ಯಾವುದು: ಹಬ್ಬುವ ಲಂಟಾನಾನಾ, ಕುಳ್ಳ ಕ್ಯಾರಿಸ್ಸಾನಾ?

ಪುಣೆಯಲ್ಲಿ ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಆಮೇಲೆ ಬಹುತೇಕ ಒಣ. ನಮ್ಮ ಸೊಸೈಟಿಯ ಗೇಟಿನ ಪಕ್ಕದ ಇಳಿಜಾರಿನಲ್ಲಿ ಎರಡನ್ನೂ ನೆಟ್ಟು ನೋಡಿದ್ದೇವೆ.

ನೇರಳೆ ಹೂವಿನ ಹಬ್ಬುವ ಲಂಟಾನಾ ಅವಸರದವರಿಗೆ. ಕೊಂಬೆ ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ, ಮಣ್ಣು ಹಿಡಿದಿಡುತ್ತದೆ. ಒಂದು ಗಿಡ ಮೂರ್ನಾಲ್ಕು ಅಡಿ ಹರಡುತ್ತದೆ. ನೆರಳಲ್ಲಿ ಹೂ ಕಮ್ಮಿ. ಕಾಡು ನುಂಗಿದ ಲಂಟಾನಾ ಇದಲ್ಲ, ಅದರ ತಂಗಿ. ಆದರೂ ಬೇಲಿ ದಾಟದಂತೆ ಕತ್ತರಿಸುತ್ತಿರಿ. ದನ, ಮೇಕೆ ಬಾಯಿ ಹಾಕುವ ಜಾಗವಾದರೆ ಬೇಡವೇ ಬೇಡ, ಎಲೆ ವಿಷ.

ಕುಳ್ಳ ಕ್ಯಾರಿಸ್ಸಾ ನಿಧಾನ. ಬೇಸಿಗೆಯಲ್ಲಿ ಘಾಟಿನ ದಾರಿಯಲ್ಲಿ ಮಾರುವ ಕರವಂದ, ಅಂದ್ರೆ ನಮ್ಮ ಕವಳಿ ಹಣ್ಣು, ಇದರ ನೆಂಟ. ಇದರ ತವರು ಮಾತ್ರ ದಕ್ಷಿಣ ಆಫ್ರಿಕಾ. ಎಲೆ ದಪ್ಪ, ಮಿರಮಿರ ಹೊಳಪು. ನಕ್ಷತ್ರದಂಥ ಬಿಳಿ ಹೂವಿಗೆ ಮಲ್ಲಿಗೆಯಂಥ ಘಮ. ಕಷ್ಟ ಅಂದ್ರೆ ಕವಲೊಡೆದ ಮುಳ್ಳು. ಎಲೆಯಡಿ ಸಿಕ್ಕಿದ್ದ ಚಿಪ್ಸ್ ಪೊಟ್ಟಣ ತೆಗೆಯಲು ಹೋಗಿ ನಾನು ಬೆರಳು ಚೀಪಿಕೊಂಡು ಬಂದೆ. ಮಕ್ಕಳು ಆಡುವ ಕಡೆ ಬೇಡ ಅಲ್ವಾ?

ಎರಡನ್ನೂ ಜೂನ್ ಮಳೆಗೆ ನೆಡಿ. ಮೊದಲ ಬೇಸಿಗೆ ನೀರು ತಪ್ಪಿಸಬೇಡಿ. ಬುಡದಲ್ಲಿ ನೀರು ನಿಂತರೆ ಎರಡೂ ಕೊಳೆಯುತ್ತವೆ. ನಾವು ಇಳಿಜಾರಿಗೆ ಲಂಟಾನಾ ಉಳಿಸಿಕೊಂಡು, ಕ್ಯಾರಿಸ್ಸಾವನ್ನು ಹಿಂದಿನ ಗೋಡೆಯಂಚಿಗೆ ಸಾಗಿಸಿದೆವು.